ಇನ್ನೂರ ಹತ್ತು ಡಿಗ್ರಿಯ ಗುರುವಾರ

ಸ್ವೀಡನ್ನಿನ ಸ್ಮೋಲಂಡಿನ ಆ ಗಾಜಿನ ಕಾರ್ಖಾನೆಯಲ್ಲಿ ಎರಕದ ಕುಲುಮೆಯನ್ನು ನೋಡಿಕೊಳ್ಳುವವಳು ಯೋರ್ಡಿಸ್. ಗಂಟೆಗೆ ಎಷ್ಟು ಡಿಗ್ರಿ ಏರಬೇಕು, ಎಲ್ಲಿ ಎಷ್ಟು ದಿನ ನಿಲ್ಲಬೇಕು, ಆಮೇಲೆ ಎಷ್ಟು ನಿಧಾನವಾಗಿ ಇಳಿಯಬೇಕು ಎಂದು ಗೋಡೆಯ ಮೇಲಿನ ಕಂಟ್ರೋಲರಿಗೆ ಅವಳು ಒಮ್ಮೆ ಹೇಳಿಟ್ಟರೆ ಸಾಕು, ಹದಿನೆಂಟು ದಿನ ಅದು ತುಟಿಪಿಟಿಕ್ಕೆನ್ನದೆ ಕೇಳುತ್ತಿತ್ತು. ಕಾರ್ಖಾನೆಯಲ್ಲಿ ಅವಳ ಮಾತು ಕೇಳುತ್ತಿದ್ದದ್ದು ಅದೊಂದೇ.

ಆ ವರ್ಷ ಒಂದು ಇಗರ್ಜಿಗೆ ಗಾಜಿನ ಜ್ಞಾನಸ್ನಾನದ ತೊಟ್ಟಿ ಎರಕ ಹೊಯ್ಯಬೇಕಿತ್ತು. ಎರಡು ಆಳು ಎತ್ತಲಾರದಷ್ಟು ಭಾರದ್ದು. ನಾನೂರ ಎಂಬತ್ತು ಡಿಗ್ರಿಯಲ್ಲಿ ನಾಲ್ಕು ದಿನ ನಿಲ್ಲಿಸಿ, ಅಲ್ಲಿಂದ ಗಂಟೆಗೆ ಒಂದೂವರೆ ಡಿಗ್ರಿಯಂತೆ ಇಳಿಸಿದ್ದಾಯಿತು. ಅದಕ್ಕಿಂತ ಬೇಗ ತಣಿದರೆ ಅಷ್ಟು ದಪ್ಪ ಗಾಜು ಸೀಳುತ್ತದೆ. ಬಾಗಿಲು ತೆರೆದರೆ ತೊಟ್ಟಿ ಸೀಳಿತ್ತು. ಎರಡನೆಯದೂ ಸೀಳಿತು.

ಕಾರ್ಖಾನೆಯ ಒಡೆಯ ಮಾಲ್ಟೆ ಎಲ್ಲರೆದುರೇ ಹೇಳಿದ: "ನಿನ್ನ ಪ್ರೋಗ್ರಾಮೇ ಸರಿ ಇಲ್ಲ ಕಣಮ್ಮ. ಮೂರನೇದೂ ಹೋದ್ರೆ ಪ್ಯಾಕಿಂಗ್ ಶೆಡ್ಡಿಗೆ ಹೋಗು. ಅಲ್ಲಿ ಗಾಜಿಗೆ ಹುಲ್ಲು ಸುತ್ತೋದಷ್ಟೇ, ಡಿಗ್ರಿ ಇರಲ್ಲ."

ಹತ್ತೊಂಬತ್ತು ವರ್ಷ ಕುಲುಮೆಯ ಮುಂದೆ ಸವೆಸಿದವಳಿಗೆ ಆ ಮಾತು ಚೆನ್ನಾಗಿಯೇ ಚುಚ್ಚಿತು. ಮೂರನೇ ಸಲವೂ ಅವಳು ಅದೇ ಪ್ರೋಗ್ರಾಮನ್ನೇ ಹಾಕಿದಳು. ಲೆಕ್ಕ ಸರಿ ಇರುವಾಗ ಬದಲಾಯಿಸುವುದಾದರೂ ಏನನ್ನು?

ಹನ್ನೆರಡನೆಯ ದಿನ, ಬುಧವಾರ, ಹಿಂದಿನ ಎರಡು ಸಲದ ದಾಖಲೆಗಳನ್ನು ಪಕ್ಕಪಕ್ಕ ಹರಡಿಕೊಂಡು ಕೂತಳು. ಎರಡರಲ್ಲೂ ಹದಿಮೂರನೆಯ ದಿನ ಉಷ್ಣತೆಯ ಗೆರೆ ಎರಡು ಕಡೆ ತಗ್ಗಿತ್ತು. ಬೆಳಿಗ್ಗೆ ಹನ್ನೊಂದಕ್ಕೊಂದು ತಗ್ಗು, ಹನ್ನೊಂದೂವರೆಗೆ ಇನ್ನೊಂದು. ಎರಕ ಶುರುವಾಗುವುದು ಯಾವಾಗಲೂ ಶನಿವಾರ; ಹಾಗಾಗಿ ಹದಿಮೂರನೆಯ ದಿನ ಯಾವಾಗಲೂ ಗುರುವಾರ. ತಂತಿಗಳನ್ನೆಲ್ಲ ಅಲುಗಾಡಿಸಿ ನೋಡಿದಳು. ತಂತಿಗೆ ವಾರ ಗೊತ್ತಿರುವಂತೆ ಕಾಣಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೇ ಕುಲುಮೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. ಕಂಟ್ರೋಲರ್ ಇನ್ನೂರ ಹತ್ತು ತೋರಿಸುತ್ತಿತ್ತು. ಸರಿಯಾಗಿ ಹನ್ನೊಂದಕ್ಕೆ ತೂರೆ ಬಂದ. ಗಾಜು ಊದಿ ಊದಿ ಕೆನ್ನೆ ಜೋತುಬಿದ್ದ, ನಿವೃತ್ತಿಗೆ ಎಂಟು ತಿಂಗಳಿದ್ದ ಮುದುಕ. ಕೈಯಲ್ಲಿ ದೊಡ್ಡ ತಟ್ಟೆ. ತಟ್ಟೆಯಲ್ಲಿ ಹೆರಿಂಗ್ ಮೀನು, ಈರುಳ್ಳಿ, ಆಲೂಗಡ್ಡೆ.

"ಸ್ವಲ್ಪ ಸರಿಯಮ್ಮ. ಇನ್ನೂರ ಹತ್ತಕ್ಕೆ ಬಂದಿದೆ," ಎಂದ.

"ಬಂದ್ರೆ?"

"ಮೀನಿಗೆ ಹದ ಅಲ್ವಾ."

ಯೋರ್ಡಿಸ್ ಸ್ಟೂಲನ್ನು ಬಾಗಿಲಿಗೆ ಅಡ್ಡವಾಗಿ ಎಳೆದುಕೊಂಡಳು. ಅಜ್ಜಂದಿರ ಕಾಲದಿಂದ ಗುರುವಾರ ಗಾಜಿನ ಕುಲುಮೆಯ ಬಿಸಿಯಲ್ಲೇ ಹೆರಿಂಗ್ ಬೇಯಿಸಿ ತಿನ್ನುವುದು ಅಲ್ಲಿಯ ಪದ್ಧತಿ. ಕಳೆದ ವರ್ಷ ಹಳೇ ಇಟ್ಟಿಗೆ ಕುಲುಮೆ ಕೆಡವಿದ ಮೇಲೆ ಆ ಊಟ ನಿಂತುಹೋಗಿತ್ತು. ನಡುವೆ ಎರಡೇ ಎರಡು ಗುರುವಾರ ಸಿಕ್ಕಿತ್ತು. ಎಲ್ಲಿ ಬೇಯಿಸಿದೆ ಎಂದು ಒಬ್ಬರೂ ಕೇಳಿರಲಿಲ್ಲ. ಅವಳಂತೂ ಎರಡು ಸಲವೂ ಎರಡೆರಡು ಬಾರಿ ಬಡಿಸಿಕೊಂಡಿದ್ದಳು.

"ಎಷ್ಟು ತೆಗಿತಿದ್ದೆ ಬಾಗಿಲು?"

"ಒಂದು ಗೇಣು. ಮೀನು ತೂರಿಸೋಷ್ಟು," ಎಂದ ತೂರೆ. ಅವಳ ಮುಖ ನೋಡಿದ. ಬಾಗಿಲು ನೋಡಿದ. ತಟ್ಟೆಯನ್ನು ನೆಲಕ್ಕಿಟ್ಟ. "ಅಯ್ಯೋ ಮಾರಾಯ್ತಿ. ಎರಡೂ?"

"ಎರಡೂ."

ಆ ಮಧ್ಯಾಹ್ನ ಎಲ್ಲರೂ ಬ್ರೆಡ್ಡು ತಿಂದರು. ಕಾಫಿ ಕೋಣೆಯಿಂದ ಮಾಲ್ಟೆ ಫೋರ್ಕು ಹಿಡಿದುಕೊಂಡೇ ಹೊರಬಂದು, "ಮೀನು ಎಲ್ಲೋ?" ಎಂದು ತೂರೆಯನ್ನು ಕೇಳಿದಾಗ ಯೋರ್ಡಿಸ್, "ಇವತ್ತಿಲ್ಲ," ಎಂದಳು. ಮುದುಕನನ್ನು ಹಿಡಿದುಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಸಂಜೆಯವರೆಗೂ ಸ್ಟೂಲು ಬಿಟ್ಟು ಏಳಲೂ ಇಲ್ಲ.

ಮುಂದಿನ ಮಂಗಳವಾರ ಕಂಟ್ರೋಲರ್ ಮೂವತ್ತು ಡಿಗ್ರಿ ತೋರಿಸಿ ಕೆಲಸ ಮುಗಿಸಿತು. ಬಾಗಿಲು ತೆರೆದರು, ಅಚ್ಚು ಒಡೆದರು. ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ. ಮಾಲ್ಟೆ ತೊಟ್ಟಿಯ ಸುತ್ತ ಎರಡು ಸುತ್ತು ಬಂದ.

"ಅಂತೂ ಪ್ರೋಗ್ರಾಂ ಬರೆಯೋದು ಕಲಿತೆ," ಎಂದು ಯೋರ್ಡಿಸಳ ಬೆನ್ನು ತಟ್ಟಿದ.

ಅವಳು ಹಲ್ಲು ಕಚ್ಚಿಕೊಂಡು ನೆಲ ನೋಡಿದಳು. ಮುದುಕ ನಿವೃತ್ತನಾಗುವವರೆಗೆ ಎಂಟು ತಿಂಗಳು ನುಂಗಿಕೊಂಡರಾಯಿತು ಎಂದುಕೊಂಡಳು.

"ಮೂರು ಸಲಾನೂ ಅದೇ ಪ್ರೋಗ್ರಾಂ," ಎಂದು ಹಿಂದಿನಿಂದ ತೂರೆ ಹೇಳಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಮೊದಲೆರಡು ಸಲ ಬಾಗಿಲು ತೆಗ್ದು ನಾನು ಮೀನಿಟ್ಟಿದ್ದೆ. ಅವಳ ತಪ್ಪು ಏನೇನೂ ಇಲ್ಲ. ಶೆಡ್ಡಿಗೆ ಹೋಗೋದಾದ್ರೆ ನಾನು ಹೋಗ್ತೀನಿ."

ಮಾಲ್ಟೆ ತೂರೆಯನ್ನು ನೋಡಿದ, ಕುಲುಮೆಯನ್ನು ನೋಡಿದ.

"ನಾನು ತಿಂದ ಮೀನಾ?"

"ಎರಡನೇ ಸಲ ನೀನು ಐದು ತಿಂದೆ."

"ಆಲೂಗಡ್ಡೆನೂ ಇದರಲ್ಲೇ ಬೆಂದಿದ್ದಾ?"

"ಹೂಂ."

ಮಾಲ್ಟೆ ಖಾಲಿ ಕುಲುಮೆಯೊಳಗೆ ಬಗ್ಗಿ ನೋಡಿದ. "ಎಲ್ಲಿ ಬೇಯಿಸ್ದೆ ಅಂತ ನಾನು ಕೇಳ್ಬೇಕಿತ್ತು," ಎಂದ. ಆಮೇಲೆ ಯೋರ್ಡಿಸಳ ಕಡೆ ತಿರುಗಿದ. "ಪ್ರೋಗ್ರಾಂ ಸರಿ ಇತ್ತು. ತಪ್ಪು ನಂದು." ಮೊದಲ ಸಲ ಎಲ್ಲರೆದುರು ಹೇಳಿದಷ್ಟೇ ಗಟ್ಟಿಯಾಗಿ ಹೇಳಿದ.

ಅಷ್ಟು ದಿನ ಒಂದು ಹನಿ ಕಣ್ಣೀರೂ ಹಾಕದ ಯೋರ್ಡಿಸ್ ಆ ತೊಟ್ಟಿಯ ಅಂಚು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.