ಮೂರನೆಯ ದಿನದ ಹಾಲು

ನನ್ನ ಬಾಯಿ ಸ್ವಲ್ಪ ಜೋರು, ಮೊದಲೇ ಹೇಳಿಬಿಡುತ್ತೇನೆ. ಆವತ್ತು ಉಪದೇಶಿ ಯೋಸೇಫಯ್ಯನವರ ಮೇಲೆ ನಾನು ಕೂಗಾಡಿದ್ದು, ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಅಷ್ಟೂ ಜನಕ್ಕೆ ಕೇಳಿಸಿತಂತೆ. ಕೇಳಿಸಲಿ. ನನ್ನ ಮಗ ಸತ್ತು ಆಗಿನ್ನೂ ಎರಡು ದಿನ.

ಅವನಿಗೆ ಆರು ವರ್ಷ. ನಾವು ಯೇಸುವಿನ ಮತಕ್ಕೆ ಸೇರಿದಾಗ ಉಪದೇಶಿಗಳು ಇಟ್ಟ ಹೆಸರು ದಾನಿಯೇಲ. ನನ್ನ ಬಾಯಿಗೆ ಮಾತ್ರ ಸಿದ್ದ ಅಂತಲೇ ಬರುತ್ತಿತ್ತು. ಕಂಕುಳಲ್ಲಿ ಗಡ್ಡೆ ಎದ್ದು ಮೈಯೆಲ್ಲ ಕಾದ ಹಂಚಾದಾಗ ಅವನು ಕೇಳಿದ್ದು ಒಂದೇ, ನೀರು. ಜ್ವರದಲ್ಲಿ ತಣ್ಣೀರು ಕೊಟ್ಟರೆ ಸನ್ನಿಯಾಗುತ್ತದೆ ಎಂದು ನನ್ನವ್ವ ಹೇಳುತ್ತಿದ್ದಳು, ಅವಳವ್ವನೂ ಹೇಳುತ್ತಿದ್ದಳಂತೆ. ಹಾಗಾಗಿ ನಾನು ಕೊಡಲಿಲ್ಲ. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿದರೆ ಆ ಬಟ್ಟೆಯನ್ನೇ ಕಚ್ಚಿ ಹೀರತೊಡಗಿದ. ಪಾಪಿ ನಾನು, ಅದನ್ನೂ ಕಿತ್ತುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟ. ಮತ ಬಿಟ್ಟವರಿಗೆ ಕುಲದ ಮಸಣದಲ್ಲಿ ಜಾಗವಿಲ್ಲ ಎಂದರು. ಕಪಿಲೆಯ ದಡದಲ್ಲಿ ಒಂದು ಹೊಂಗೆಮರದ ಬುಡದಲ್ಲಿ ಹೂತೆವು.

ನಮ್ಮ ಕಡೆ ಮೂರನೆಯ ದಿನ ಹೂತ ಗುಳಿಯ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಬಿಡದಿದ್ದರೆ ಹೋದ ಜೀವ ಬಾಯಾರಿ ಅಲೆಯುತ್ತದಂತೆ. ಬೇರೆ ಯಾರ ಮಗನಿಗೆ ಬೇಡವಾದರೂ ನನ್ನ ಮಗನಿಗೆ ಬೇಡವೇ? ನಾಳೆ ಹಾಲು ಬಿಡಬೇಕು ಎಂದು ಹೇಳಿದ್ದೇ ತಡ, ಉಪದೇಶಿಗಳು ಬೇಡವೆಂದು ತಲೆಯಾಡಿಸಿದರು.

"ಅದೆಲ್ಲ ಹಳೇದು ಮುತ್ತಮ್ಮ, ಬಿಟ್ಬುಡಬೇಕು. ಮಗ ದೇವರ ಹತ್ರ ಅವ್ನೆ."

"ನಿಮ್ಮ ದೇವ್ರು ಅವನ್ಗೆ ನೀರು ಕೊಟ್ಟವ್ನಾ? ಓಗಿ ನೋಡ್ಕಂಡು ಬಂದ್ರಾ?" ಎಂದೆ. "ನಾನಂತೂ ಆಲು ಉಯ್ಯೋಳೇಯ. ಬೇಕಾದ್ರೆ ಸಭೆಯಿಂದ ನನ್ನೆಸ್ರು ತಗ್ದಾಕ್ಬುಡಿ!"

ಗಂಡ ಜವರಯ್ಯ, "ಸುಮ್ಕಿರು ಕಣಮ್ಮಿ" ಎಂದು ಕೈ ಹಿಡಿದ. ಅವನ ಕೈಯನ್ನೂ ಕೊಡವಿದೆ.

ಮೂರನೆಯ ದಿನ ಬೆಳಗಾಗುತ್ತಲೇ ಒಬ್ಬಳೇ ಹೊರಟೆ. ತುಪ್ಪ ಎಲ್ಲಿಂದ ತರಲಿ, ಸಿಕ್ಕಿದ್ದು ಒಂದು ಕುಡಿಕೆ ಮೇಕೆಹಾಲು. ಹೋಗಿ ನೋಡಿದರೆ ಉಪದೇಶಿಗಳು ಆಗಲೇ ಮರದ ಕೆಳಗೆ ಕೂತಿದ್ದಾರೆ.

"ತಡೆಯಾಕ್ ಬಂದ್ರಾ?"

"ಇಲ್ಲ ಕಣವ್ವ. ನಿನ್ನ ಮಾತು ಕೇಳಿದ್ಮೇಲೆ ಕಣ್ಣು ಮುಚ್ಚಕಾಗ್ನಿಲ್ಲ. ಇಪ್ಪತ್ತು ವರ್ಸದಿಂದ ಸುವಾರ್ತೆ ಓದ್ತಾ ಇವ್ನಿ. ಯೇಸು ಎದ್ದಿದ್ದೂ ಮೂರ್ನೇ ದಿನಾನೇ. ಅವತ್ತು ಹೊತ್ತಾರೆ ಸಮಾಧಿತಾವ್ಕೆ ಹೋದೋರು ಹೆಂಗುಸ್ರು. ಗಂಡಸ್ರೆಲ್ಲ ಕದ ಹಾಕ್ಕೊಂಡು ಒಳಗಿದ್ರು. ಅವ್ರು ಪರಿಮಳದೆಣ್ಣೆ ತಕ್ಕೊಂಡು ಹೋದ್ರು, ನಿನ್ನಂಗೇಯ. ಅವ್ರನ್ನ ಯಾರೂ ತಡೀನಿಲ್ಲ. ನಾನು ನಿನ್ನ ತಡೆದೆ."

ಕುಡಿಕೆಯನ್ನು ಮಣ್ಣಿನ ಮೇಲೆ ಇಟ್ಟೆ. ಅಲ್ಲೇ ಕೂತು, ಕಟ್ಟಿಕೊಂಡ ಗಂಡನಿಗೂ ಹೇಳದ ಆ ನೀರಿನ ಸಂಗತಿಯನ್ನು ಅವರ ಮುಂದೆ ಹೇಳಿದೆ. ಬಟ್ಟೆ ಕಿತ್ತುಕೊಂಡದ್ದನ್ನೂ ಬಿಡಲಿಲ್ಲ. ಅವರು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಶಿಲುಬೆ ಮೇಲೆ ಯೇಸುನೂ ಬಾಯಾರ್ಕೆ ಅಂದ ಕಣವ್ವ. ಹೆತ್ತವ್ವ ಕೆಳಗೇ ನಿಂತಿದ್ಲು. ಅವಳ ಕೈಲೂ ಒಂದು ತೊಟ್ಟು ನೀರು ಕೊಡಕಾಗ್ನಿಲ್ಲ."

ಒಂದು ವರ್ಷ ಭಾನುವಾರ ಭಾನುವಾರ ಕೂತು ಕೇಳಿದ್ದೇನೆ, ಪಾಪ, ಪರಲೋಕ, ಅದೂ ಇದೂ. ಆ ತಾಯಿಯನ್ನು ಯಾರೂ ನನಗೆ ಹೀಗೆ ತೋರಿಸಿರಲಿಲ್ಲ. ಅಯ್ಯೋ ನನ್ನವ್ವಾ, ನಿನಗೂ ಹೀಗಾಯಿತಾ ಎಂದು ಮಣ್ಣಿಗೆ ಮುಖವಿಟ್ಟು ಅತ್ತೆ. ಮಗ ಹೋದಮೇಲೆ ಕಣ್ಣೀರು ಬಂದದ್ದು ಅದೇ ಮೊದಲು.

"ಮೂರ್ನೇ ದಿನ ಆ ತಾಯ್ಗೆ ಮಗ ಸಿಕ್ಕುದ್ನಾ?" ಎಂದು ಕೇಳಿದೆ.

"ಸಿಕ್ಕಿದ. ಬಾಯಾರ್ಕೆ ಇಲ್ಲ, ನೋವಿಲ್ಲ, ಹಂಗೆ ಸಿಕ್ಕಿದ. ನಿನ್ಗೂ ಸಿಕ್ತಾನೆ."

"ನಿಮ್ಗೆಂಗೆ ಗೊತ್ತು?"

"ಕಣ್ಣಾರೆ ಕಂಡಿಲ್ಲ, ನಂಬಿವ್ನಿ. ಹೋದ ವರ್ಸ ನಂಜನಗೂಡ್ನಲ್ಲಿ ನನ್ನ ಹೆಂಡ್ತೀನೂ ಇದೇ ಬ್ಯಾನೇಲಿ ಹೋದ್ಲು. ಈ ನಂಬಿಕೆ ಇಲ್ದೆ ಇದ್ದಿದ್ರೆ ನನ್ಗೆ ಒಂದಿನಾನೂ ತಳ್ಳಕಾಗ್ತಿರ್ನಿಲ್ಲ."

ನಾನು ಮೂಗು ಒರೆಸಿಕೊಂಡೆ. "ಆ ಎಂಗುಸ್ರು ಎಣ್ಣೆ ಏನ್ಮಾಡುದ್ರು?"

"ಅದನ್ನ ಬರ್ದಿಲ್ಲ."

ಬರೆದಿರಲಿಕ್ಕಿಲ್ಲ. ಸಮಾಧಿಯ ಒಳಗೆ ಯೇಸುವೇ ಇಲ್ಲದಮೇಲೆ ಯಾರಿಗೆ ಹಚ್ಚುತ್ತಾರೆ? ಹಾಲನ್ನು ಮಣ್ಣಿಗೆ ಬಿಡದೆ ಹಾಗೇ ಎತ್ತಿಕೊಂಡು ಎದ್ದೆ.

ಹೊಲಕ್ಕೆ ಹಿಂತಿರುಗಿದಾಗ ಮೊದಲ ಗುಡಿಸಲಿನಿಂದ ಒಂದು ಮಗು ನೀರು ನೀರು ಎಂದು ನರಳುವುದು ಕೇಳಿಸಿತು. ಅದು ನನ್ನ ಗಂಡನ ತಂಗಿ ಮಂಚಮ್ಮನ ಗುಡಿಸಲು. ನಾವು ಮತ ಬಿಟ್ಟಾಗಿನಿಂದ ಅವಳು ನಮ್ಮ ಕೈನೀರು ಮುಟ್ಟಿರಲಿಲ್ಲ. ನಾನು ಕೇಳದೆ ಒಳಗೆ ನುಗ್ಗಿದೆ. ಅವಳ ಮಗಳು ಕೆಂಪಿ ಜ್ವರದಲ್ಲಿ ಚಾಪೆಯ ಮೇಲೆ ಬಾಯಿ ಬಾಯಿ ಬಿಡುತ್ತಿದ್ದಳು. ತಲೆ ಎತ್ತಿ ಹಿಡಿದು ಕುಡಿಕೆಯನ್ನು ತುಟಿಗೆ ತಂದಾಗ ಮಂಚಮ್ಮ ನನ್ನ ರಟ್ಟೆ ಹಿಡಿದಳು.

"ಬ್ಯಾಡ ಅತ್ತಿಗೆ, ಸನ್ನಿಯಾಯ್ತದೆ!"

"ನಾನು ಕೊಡ್ನಿಲ್ಲ ಕಣೆ ಮಂಚಿ. ನನ್ನ ಮಗ ಉಳ್ಕಂಡ್ನಾ?"

ಅವಳು ಕೈ ಬಿಟ್ಟಳು. ಮಗು ಗಟಗಟ ಕುಡಿಯಿತು. ಆ ಗಂಟಲು ಏರಿ ಇಳಿಯುವುದನ್ನೇ ನೋಡುತ್ತ ಕೂತಿದ್ದಾಗ, ಸಿದ್ದನಿಗೂ ಅಲ್ಲಿ ದೇವರ ಹತ್ತಿರ ಯಾರೋ ಹೀಗೇ ತಲೆ ಎತ್ತಿ ಹಿಡಿದು ಕುಡಿಸಿದ್ದಾರೆ ಎಂದು ನನಗೆ ನಂಬಿಕೆ ಬಂತು.