ಎದೆಯ ಮೇಲಿನ ಕೈ

ನಮ್ಮ ಮರುಳಸಿದ್ದ, ಬೆಟ್ಟದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಕೆಳಗಿಳಿದು ಬಂದಿದ್ದ. ಅವನು ಸೋತದ್ದು ಚೆಂಡಿನ ಮುಂದೆ.

ಅವನ ಅಕ್ಕನಾದ ನಾನು ಆಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ರಜೆಗೆಂದು ಮಧುಗಿರಿಗೆ ಬಂದಿದ್ದೆ. ಮರುಳಸಿದ್ದ ಅಲ್ಲೇ ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದ. ತುಮಕೂರಿನವರ ಮೇಲೆ ಕ್ರಿಕೆಟ್ ಪಂದ್ಯ ನಿಗದಿಯಾಗಿತ್ತು. ತಂಡದಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ಇವನಿಗೆ ಊಟ ನಿದ್ದೆ ಎಲ್ಲವೂ ಆ ಜಾಗವೇ ಆಗಿತ್ತು. ಮುಂದಿನ ವರ್ಷ ಅವನು ಆ ಸ್ಕೂಲಿನಲ್ಲಿ ಇರುತ್ತಿರಲಿಲ್ಲ.

ಆಟದ ಮೇಷ್ಟ್ರು ಸಂಜೀವಯ್ಯನವರ ಪರೀಕ್ಷೆಯ ರೀತಿಯೇ ಬೇರೆ. ಹುಡುಗರು ಊರ ಬೆಟ್ಟದ ಬಂಡೆ ಹತ್ತಿ, ಕೋಟೆಯ ಮೊದಲ ಬಾಗಿಲು ಮುಟ್ಟಿ ಓಡಿ ಬರಬೇಕು. ಬಂದ ಕೂಡಲೇ, ಉಸಿರು ಸುಧಾರಿಸಿಕೊಳ್ಳುವ ಮೊದಲೇ, ಹತ್ತೊಂಬತ್ತರ ಮಗ್ಗಿ ಹೇಳಬೇಕು. "ಕಾಲು ಓಡಿದರೆ ಸಾಲದು ಕಣ್ರೋ, ಕಾಲು ಓಡುವಾಗ ತಲೆ ಮನೇಲಿ ಮಲಗಿರಬಾರದು" ಎನ್ನುತ್ತಿದ್ದರು. ಮರುಳಸಿದ್ದ ಬೆವರು ಸುರಿಸುತ್ತ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದ.

ಕೊನೆಯದು ಚೆಂಡಿನ ಪರೀಕ್ಷೆ. ಮೈದಾನದ ಪಕ್ಕದಲ್ಲೇ ನಮ್ಮ ಮನೆ. ಜಗಲಿಯಿಂದ ನಾನೂ ಅಜ್ಜಿ ಸಿದ್ದಗಂಗಮ್ಮನೂ ನೋಡುತ್ತಿದ್ದೆವು. ನಾರಿನ ಚಾಪೆ ಹಾಸಿದ್ದರು. ಅದರ ಮೇಲೆ ಬಿದ್ದ ಚೆಂಡು ನೇರ ಎದೆಮಟ್ಟಕ್ಕೆ ಏಳುತ್ತಿತ್ತು. ಎಸೆಯುವವನು ಮುದ್ದಣ್ಣ, ಕೋಟೆಯ ಮಗ್ಗುಲಿನ ಒಕ್ಕಲುಮನೆಯ ಹುಡುಗ, ತಮ್ಮನ ಗೆಳೆಯ. ಅವನು ಎಸೆದ ಚೆಂಡು ಎದ್ದಾಗಲೆಲ್ಲ ಮರುಳಸಿದ್ದ ಬ್ಯಾಟು ಬಿಟ್ಟು, ಎದೆಗೆ ಕೈ ಅಡ್ಡ ಹಿಡಿದು ಪಕ್ಕಕ್ಕೆ ತಿರುಗಿಬಿಡುತ್ತಿದ್ದ. ಸುತ್ತ ನಿಂತ ಹುಡುಗರು ನಕ್ಕರು.

"ಲೇ ಸಿದ್ದ, ಚೆಂಡು ಕಚ್ಚಲ್ಲ ಕಣ್ಲಾ!"

"ಅವನಿಗೆ ಹತ್ತಿ ಚೆಂಡು ತಂದ್ಕೊಡ್ರಲಾ!"

ಸಂಜೀವಯ್ಯನವರು ನಗಲಿಲ್ಲ. "ಮೈ ತಯಾರಾಗಿದೆ, ಮನಸ್ಸು ಆಗಿಲ್ಲ. ನಾಳೆ ಬೇರೆಯವರನ್ನು ನೋಡೋಣ" ಎಂದಷ್ಟೇ ಹೇಳಿದರು.

ಮರುಳಸಿದ್ದ ಮನೆಗೆ ಬಂದು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತ. ನಾನು ಮಜ್ಜಿಗೆ ಕೊಟ್ಟರೆ ಲೋಟ ಹಾಗೇ ಇಟ್ಟ. ಸ್ವಲ್ಪ ಹೊತ್ತಿಗೆ ಮುದ್ದಣ್ಣ ಬಂದ. ಅಜ್ಜಿಗೆ ಕೈಮುಗಿದು, ತಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಹೆದ್ರಿದ್ದೀಯ ಅಂತ ಅವ್ರೆಲ್ಲ ಅಂತಾರೆ. ನಂಗೆ ಅಂಗನ್ನಿಸ್ಲಿಲ್ಲ" ಎಂದ. "ಹೆದ್ರೋನು ಮೊಕ ಮುಚ್ಕೊಂತಾನೆ. ನೀನು ಎದೆ ಮುಚ್ಕೊಂತೀಯ. ಯಾಕ್ಲಾ?"

ಮರುಳಸಿದ್ದ ಅಂಗಿಯ ಗುಂಡಿ ಬಿಚ್ಚಿ, ಕೊರಳಿನಿಂದ ಎದೆಯ ಮೇಲೆ ಇಳಿಬಿದ್ದಿದ್ದ ಬೆಳ್ಳಿಯ ಕರಡಿಗೆ ತೋರಿಸಿದ. ಅವನ ಇಷ್ಟಲಿಂಗ ಇದ್ದದ್ದು ಅದರಲ್ಲಿ. ಕರಡಿಗೆಯ ಒಂದು ಮಗ್ಗುಲು ತಗ್ಗಾಗಿತ್ತು.

"ಹೋದ ವಾರ ನಿನ್ನ ಚೆಂಡೇ ತಗುಲಿದ್ದು" ಎಂದ. "ಲಿಂಗಕ್ಕೇನೂ ಆಗ್ಲಿಲ್ಲ. ಇನ್ನೊಂದ್ಸಲ ತಗುಲಿದ್ರೆ? ನಂಗೆ ಏಟು ಬಿದ್ರೆ ಬೀಳ್ಲಿ ಬುಡು. ಇದಕ್ಕೆ ಬೀಳಬಾರ್ದು."

"ಮೇಷ್ಟ್ರಿಗೆ ಹೇಳೋದಲ್ವ?"

"ಆಡೋವಾಗ ತೆಗೆದಿಡು ಅಂದ್ರೆ ಏನ್ಮಾಡ್ಲಿ? ತೆಗೆಯೋಕಾಗ್ತದಾ?"

"ನಂಗಾದ್ರೂ ಹೇಳ್ಬೋದಿತ್ತು."

"ಹೇಳಿದ್ರೆ ನೀನು ಮೆತ್ತಗೆ ಎಸೀತಿದ್ದೆ. ಮನಸಿಗೂ ಹಚ್ಕೊಂತಿದ್ದೆ."

ಮುದ್ದಣ್ಣನ ಮುಖ ಚಿಕ್ಕದಾಯಿತು. ಕರಡಿಗೆಯ ಕಡೆ ಒಮ್ಮೆ ನೋಡಿ, ತನ್ನ ಬಲಗೈಯನ್ನು ಮಡಿಲಲ್ಲಿ ಅಡಗಿಸಿಕೊಂಡ.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಹಿತ್ತಲಿಗೆ ಇಳಿದು ಬಂದರು. "ಅಯ್ಯೋ ಮಂಕೇ, ಇದಕ್ಕಾ ಊಟ ಬಿಟ್ಟು ಕೂತಿದ್ದೀಯ? ಲಿಂಗ ಎದೆ ಮೇಲೇ ಇರ್ಬೇಕು ಅಂತ ಯಾರು ಹೇಳಿದ್ರು? ಕೊರಳಲ್ಲಿರ್ಬೋದು, ಕಂಕುಳಲ್ಲಿರ್ಬೋದು. ನಮ್ಮಪ್ಪ ಬಾವಿ ಇಳಿಯೋವಾಗ ಅಂಗೇ ಕಟ್ಕೊಂತಿದ್ರು. ಬಂಡೆಗೆ ಎದೆ ಉಜ್ತದೆ ಅಂತ."

ಅಜ್ಜಿ ತಮ್ಮ ಹಳೆಯ ಬಿಳಿ ಸೀರೆಯ ಅಂಚು ಹರಿದು ತಂದರು. ಮರುಳಸಿದ್ದ ಕಾಲು ಮುಖ ತೊಳೆದು ಬಂದು, ಲಿಂಗವನ್ನು ಕರಡಿಗೆಯಿಂದ ಅಂಗೈಗೆ ತೆಗೆದುಕೊಂಡ. ಅವನೇ ಬಟ್ಟೆಯಲ್ಲಿ ಸುತ್ತಿದ. ಅಜ್ಜಿ ಅದನ್ನು ಅವನ ಬಲಗಂಕುಳಿಗೆ ಸೇರಿಸಿ, ಬಟ್ಟೆಯನ್ನು ಹೆಗಲ ಮೇಲಿಂದ ತಂದು ಬಿಗಿದರು. ಬ್ಯಾಟು ಹಿಡಿದು ನಿಂತರೆ ಬಲಮಗ್ಗುಲು ಹಿಂದಕ್ಕಿರುತ್ತದೆ. ಅಲ್ಲಿಗೆ ಚೆಂಡು ಬರುವ ಹಾಗಿಲ್ಲ.

"ಕೈ ಎತ್ತು. ಇಳಿಸು. ಬಿಗಿ ಆಯ್ತಾ?"

"ಇಲ್ಲ ಅಜ್ಜಿ."

ಮುದ್ದಣ್ಣ ತಾನೇ ಪೊರಕೆ ಕೊಟ್ಟು, "ಬೀಸು ನೋಡುವ" ಎಂದ. ಮರುಳಸಿದ್ದ ಹಿತ್ತಲಲ್ಲೇ ಪೊರಕೆ ಬೀಸಿದ. ಗಂಟು ಸರಿಯಲಿಲ್ಲ. "ಕಸನಾದ್ರೂ ಗುಡಿಸೋ" ಎಂದೆ. ಆ ಸಂಜೆ ಅವನು ಮೊದಲು ನಕ್ಕದ್ದು ಆಗ. ಹಾಗೇ ಉಳಿದಿದ್ದ ಮಜ್ಜಿಗೆ ಲೋಟ ಮುದ್ದಣ್ಣನ ಕೈಗೆ ಹೋಗಿ ಖಾಲಿಯಾಯಿತು.

ಮಾರನೆಯ ದಿನ ಮೈದಾನದಲ್ಲಿ ಮುದ್ದಣ್ಣ ಮೇಷ್ಟ್ರ ಮುಂದೆ ನಿಂತು, "ಸಾ, ನೆನ್ನೆ ನನ್ನ ಕೈಯೇ ನೆಟ್ಟಗಿರ್ಲಿಲ್ಲ. ಸಿದ್ದಂಗೆ ಇನ್ನೊಂದ್ಸಲ ಎಸೀತೀನಿ" ಎಂದ.

ಹಿಂದಿನ ದಿನ ಅವನ ಕೈ ಎಷ್ಟು ನೆಟ್ಟಗಿತ್ತೆಂದು ಸಂಜೀವಯ್ಯನವರಿಗೆ ಗೊತ್ತಿತ್ತು. ಅವರು ಅವನನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿ, "ಆಗಲಿ. ಆದರೆ ಮೆತ್ತಗೆ ಎಸೆದರೆ ನಿನ್ನನ್ನೂ ಕೂರಿಸ್ತೀನಿ" ಎಂದರು.

ಮುದ್ದಣ್ಣ ಮೆತ್ತಗೆ ಎಸೆಯಲಿಲ್ಲ. ಮೊದಲ ಚೆಂಡು ಚಾಪೆಯಿಂದೆದ್ದು ತಮ್ಮನ ಎದೆಗೇ ಬಡಿಯಿತು. ಆ ಸದ್ದು ಜಗಲಿಗೂ ಕೇಳಿ ನಾನು ಎದ್ದು ನಿಂತೆ. ಅಜ್ಜಿ ನನ್ನ ಸೆರಗು ಹಿಡಿದು ಕೂರಿಸಿದರು. ತಮ್ಮನ ಕಾಲು ಜಾಗ ಬಿಟ್ಟಿರಲಿಲ್ಲ. ಎರಡೂ ಕೈ ಬ್ಯಾಟಿನ ಮೇಲೇ ಇದ್ದವು.

ಮುದ್ದಣ್ಣ ಓಡಿ ಬಂದ. "ಏನೂ ತಗುಲ್ಲಿಲ್ಲ ತಾನೆ?" ಎಂದು ತಮ್ಮನ ಬಲಗಂಕುಳ ಕಡೆ ನೋಡಿದ.

"ಇಲ್ಲ. ನಂಗೆ ಮಾತ್ರ ತಗುಲ್ತು" ಎಂದ ತಮ್ಮ, ಎದೆ ಉಜ್ಜಿಕೊಳ್ಳುತ್ತ.

"ಅದು ಬುಡು" ಎಂದು ಮುದ್ದಣ್ಣ ನಿರಾಳವಾಗಿ ವಾಪಸು ಹೋದ.

ಸಂಜೀವಯ್ಯನವರು ದೂರದಿಂದಲೇ ಕೂಗಿದರು: "ಹತ್ತೊಂಬತ್ತೆಂಟ್ಲೆ?"

"ನೂರ ಐವತ್ತೆರಡು ಸಾರ್!"

ಮುಂದಿನ ಚೆಂಡೂ ಎದೆಮಟ್ಟಕ್ಕೇ ಎದ್ದಿತು. ಮರುಳಸಿದ್ದ ಹಿಂದಿನ ಕಾಲ ಮೇಲೆ ನಿಂತು ಬೀಸಿದ. ಅದು ನಮ್ಮ ಜಗಲಿಯ ಕಡೆಗೇ ಹಾರಿ ಬಂದು, ಮೆಟ್ಟಿಲಿಗೆ ಬಡಿದು, ಅಜ್ಜಿಯ ಕಾಲಬಳಿ ಉರುಳಿ ನಿಂತಿತು. ಅಜ್ಜಿ ಅದನ್ನು ಎತ್ತಿಕೊಂಡು, ಹೊಲಿಗೆಯನ್ನು ಬೆರಳಿಂದ ಸವರಿದರು.

"ಎಷ್ಟು ಗಟ್ಟಿ ಐತೆ ಕಣಮ್ಮ ಇದು" ಎಂದರು ನನಗೆ. ಚೆಂಡು ಕೇಳಲು ಓಡಿ ಬಂದವನು ಮರುಳಸಿದ್ದನೇ.

"ಅಜ್ಜಿ, ಭಾನುವಾರ ಬೆಳಿಗ್ಗೆ ತುಮಕೂರಿನ ಬಸ್ಸು! ಮೇಷ್ಟ್ರು ತಡ ಮಾಡಬೇಡ ಅಂದ್ರು."

"ಅಂಗಾದ್ರೆ ಶನಿವಾರವೇ ಇನ್ನೊಂದು ಬಟ್ಟೆ ಒಗೆದು ಒಣಗಿಸ್ಬೇಕು" ಎಂದು ಅಜ್ಜಿ ಚೆಂಡನ್ನು ಅವನ ಕೈಗಿಟ್ಟರು.