ಉಲ್ಟಾ ತಿರುಗುವ ಫ್ಯಾನು

ಗುರುವಾರ ಮಧ್ಯಾಹ್ನ ಲಯನೆಲ್ ಪಾಸ್ಕ್ ಬರುತ್ತಾನೆಂದರೆ ಮರ್ವಿನ್ ಟಾಸ್ಕರ್ ಬೆಳಗ್ಗೆಯೇ ಗ್ಯಾರೇಜಿನ ಬಾಗಿಲೆತ್ತಿ, ಕಾರಿನ ಬಾನೆಟ್ ಕಳಚಿ ಗೋಡೆಗೆ ಒರಗಿಸಿಬಿಡುತ್ತಿದ್ದ. ಅತಿಥಿ ಬರುವ ಮನೆಯಲ್ಲಿ ಬೇರೆಯವರು ಬಾಗಿಲು ತೆರೆದಿಡುತ್ತಾರೆ. ಇವನು ಬಾನೆಟ್ ತೆರೆದಿಡುತ್ತಿದ್ದ.

ಕಾರು ಅವನೇ ಕಟ್ಟಿದ್ದು. ಪೆಟ್ಟಿಗೆಗಳಲ್ಲಿ ಬಂದಿಳಿದ ಬಿಡಿಭಾಗಗಳನ್ನೆಲ್ಲ ಜೋಡಿಸಿ, ಗುಜರಿಗೆ ಬಿದ್ದಿದ್ದ ಯಾವುದೋ ಸಂಸಾರಸ್ಥರ ಕಾರಿನಿಂದ ಎಂಜಿನ್ ಕಿತ್ತು ಕೂರಿಸಿದ್ದ. ಮೇಲೆ ಚಾವಣಿಯಿಲ್ಲ, ಪಕ್ಕಕ್ಕೆ ಬಾಗಿಲಿಲ್ಲ. ಇಬ್ಬರು ಭುಜಕ್ಕೆ ಭುಜ ತಾಗಿಸಿ, ನೆಲಕ್ಕೆ ಅಂಟಿಕೊಂಡಂತೆ ಕೂರಬೇಕು. ಲಿಂಕನ್‌ಶೈರ್‌ನ ಆ ಮೂಲೆಯಲ್ಲಿ ಅಂಥ ಕಾರು ಕಟ್ಟಿಕೊಂಡ ಮುದುಕರು ಬೇಕಾದಷ್ಟು ಮಂದಿ. ಬೇಸಿಗೆಯ ಭಾನುವಾರಗಳಲ್ಲಿ ಯಾವುದಾದರೂ ಪಬ್ಬಿನ ಹಿತ್ತಲಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಒಬ್ಬರ ಎಂಜಿನ್ ಇನ್ನೊಬ್ಬರು ಬಗ್ಗಿ ನೋಡುತ್ತಾರೆ. ಒಬ್ಬರ ಮುಖ ಇನ್ನೊಬ್ಬರು ನೋಡುವುದು ಕಡಿಮೆ.

ಹಾಗೊಂದು ಭಾನುವಾರವೇ ಮರ್ವಿನ್‌ನ ಕಾರು ಬುಸುಗುಟ್ಟಿ ಆವಿ ಕಾರುತ್ತಾ ನಿಂತಾಗ ಲಯನೆಲ್ ಬಳಿಗೆ ಬಂದಿದ್ದ. ವಿಮಾನ ರಿಪೇರಿ ಮಾಡಿ ನಿವೃತ್ತನಾದವನು, ಬಡಕಲು ಮೈ, ಬಾಯಿ ಸುಮ್ಮನಿರದು.

"ಟೀ ಕಾಯಿಸ್ತಾ ಇದ್ದೀಯೇನಯ್ಯಾ?"

"ನಿಂಗೂ ಒಂದು ಕಪ್ ಬೇಕಾ?" ಎಂದಿದ್ದ ಮರ್ವಿನ್, ಸಿಟ್ಟಿನಿಂದಲೇ.

"ಗುರುವಾರ ಬಿಡುವಿದೆ. ಬಂದು ನೋಡ್ತೀನಿ."

ನೋಡಲು ಬಂದವನು ನಾಲ್ಕು ವರ್ಷ ನೋಡುತ್ತಲೇ ಉಳಿದ.

ಕಾಯಿಲೆಯ ಮೂಲ ಮರ್ವಿನ್‌ಗೆ ಬೇಗನೇ ಸಿಕ್ಕಿತ್ತು. ಸಿಕ್ಕಿದ್ದೇ ಅವನ ಗ್ರಹಚಾರ. ರೇಡಿಯೇಟರಿನ ಹಿಂದೆ ಜಾಗ ಸಾಲದೆ ಫ್ಯಾನನ್ನು ಮುಂದಕ್ಕೆ ತಂದು ಮಗುಚಿ ಬಿಗಿದಿದ್ದ. ಫ್ಯಾನು ಮಗುಚಿದರೆ ಗಾಳಿಯೂ ಮಗುಚುತ್ತದೆ. ಎರಡು ತಂತಿಗಳನ್ನು ಅದಲುಬದಲು ಮಾಡಬೇಕು. ಮರೆತಿದ್ದ. ಒಂದು ದಿನ ಮೂಗೊರೆಸುವ ಕಾಗದವನ್ನು ಕಾರಿನ ಮೂತಿಗೆ ಹಿಡಿದು ನೋಡಿದ. ಒಳಕ್ಕೆ ಎಳೆದುಕೊಂಡು ಜಾಲರಿಗೆ ಅಂಟಬೇಕಿದ್ದ ಕಾಗದ ಹಾರಿ ಇವನ ಮುಖಕ್ಕೇ ಬಡಿಯಿತು. ಎಂಜಿನ್ನಿನ ಬಿಸಿಯನ್ನೇ ಎಳೆದು ರೇಡಿಯೇಟರಿಗೆ ಕುಡಿಸುತ್ತಿದ್ದ ಫ್ಯಾನು ಅದು. ತಂತಿ ಬದಲಿಸಿ ಪೇಟೆ ಸುತ್ತಿ ಬಂದ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಇದ್ದಲ್ಲಿಂದ ಅಲುಗಲಿಲ್ಲ.

ಕುಣಿಯಬೇಕಿತ್ತು. ಆದರೆ ಎಂಜಿನ್ ಆರಿಸಿದವನು ಕಾರಿನಿಂದ ಇಳಿಯಲಿಲ್ಲ. ಕಾರು ತಣ್ಣಗಾದರೆ ಲಯನೆಲ್ ಯಾಕೆ ಬರಬೇಕು? ವಾರದಲ್ಲಿ ಮರ್ವಿನ್ ಬಾಯಿಬಿಟ್ಟು ಮಾತಾಡುತ್ತಿದ್ದುದು ಆ ಒಂದು ಮಧ್ಯಾಹ್ನ ಮಾತ್ರ. ಉಳಿದ ದಿನ ಅಂಗಡಿಯ ಹುಡುಗಿಗೆ ಒಂದು ಥ್ಯಾಂಕ್ಸ್, ಅಷ್ಟೇ. ಅವನು ಸ್ಪ್ಯಾನರ್ ತೆಗೆದುಕೊಳ್ಳಲೂ ಇಲ್ಲ. ಕೈಯಲ್ಲೇ ತಂತಿಗಳನ್ನು ಕಿತ್ತು ಮತ್ತೆ ಉಲ್ಟಾ ಸಿಕ್ಕಿಸಿದ.

ಆಮೇಲೆ ಶುರುವಾಯಿತು ಚಿಕಿತ್ಸೆ. ಸೈಲೆನ್ಸರ್ ಪೈಪಿಗೆ ಮುರಿದ ಕಾಲಿಗೆ ಕಟ್ಟುವಂತೆ ಬಟ್ಟೆಪಟ್ಟಿ ಸುತ್ತಿದರು. ಮೊದಲ ಸಲ ಬಿಸಿಯಾದಾಗ ಅದು ಹೊಗೆಯಾಡಿ, ಪಕ್ಕದ ಮನೆಯವರು ಬಕೆಟ್ ಹಿಡಿದು ಓಡಿಬಂದರು. ಕಾಲಿನ ಕಡೆಯ ತಗಡಿಗೆ ಬಿಸಿ ತಡೆಯುವ ಚಿನ್ನದ ಬಣ್ಣದ ಹಾಳೆ ಅಂಟಿಸಿದರು. ಪೆಟ್ರೋಲ್ ಪೈಪಿಗೆ ಕವಚ ತೊಡಿಸಿದರು. ಬಾನೆಟ್ಟಿಗೆ ಗಾಳಿಕಿಂಡಿ ಕೊರೆದರು. ಆವತ್ತು ಲಯನೆಲ್‌ನ ಅಂಗೈ ಸೀಳಿ ರಕ್ತ ಸುರಿಯಿತು. ಮರ್ವಿನ್ ಅಡುಗೆಮನೆಗೆ ಓಡಿ ಪಟ್ಟಿ ತಂದು ಗ್ಯಾರೇಜಿನಲ್ಲೇ ಕಟ್ಟಿದ. ಟೀ ಕೂಡ ಹಾಗೇ, ತಟ್ಟೆಯಲ್ಲಿ ಹೊರಗೇ ಬರುತ್ತಿತ್ತು. ಪಟ್ಟಿ ಕಟ್ಟುವಾಗ ಅವನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

"ಒಳಗೆ ಬಿಸಿ ಬರೋದು ಸುಲಭ ಕಣಯ್ಯಾ," ಎಂದಿದ್ದ ಲಯನೆಲ್. "ಹೊರಗೆ ಕಳಿಸೋದೇ ಕಷ್ಟ."

"ಇನ್ನೂ ಎರಡು ಕಿಂಡಿ ಕೊರೆಯೋಣ್ವಾ?"

"ಕೊರೀತಾ ಹೋದ್ರೆ ಕೊನೇಗೆ ತೂತು ಮಾತ್ರ ಉಳಿಯುತ್ತೆ, ಬಾನೆಟ್ ಇರಲ್ಲ."

ಈ ಜೂನ್ ತಿಂಗಳ ಒಂದು ಗುರುವಾರ ಲಯನೆಲ್ ಕೋಟು ತೆಗೆಯದೆಯೇ ನಿಂತ.

"ಶನಿವಾರ ಸಾಯಂಕಾಲ ಹೊರಟ್ಹೋಗ್ತಾ ಇದ್ದೀನಿ. ಬೆರಿಕ್‌ಗೆ, ಉತ್ತರದ ತುದೀಗೆ. ಹಿಲರಿಯ ಊರು."

"ಯಾವ ಹಿಲರಿ?"

"ಮದುವೆ ಆಗ್ತಾ ಇದ್ದೀನಲ್ಲ, ಆ ಹಿಲರಿ. ಡ್ಯಾನ್ಸ್ ಕ್ಲಾಸಲ್ಲಿ ಸಿಕ್ಕಿದ್ದು."

"ನೀನು ಡ್ಯಾನ್ಸ್ ಮಾಡ್ತೀಯಾ?"

"ಆರು ವರ್ಷದಿಂದ. ನೀನು ಕೇಳ್ಲೇ ಇಲ್ವಲ್ಲ."

ಮರ್ವಿನ್ ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸತೊಡಗಿದ. ಅವು ಮೊದಲೇ ಜೋಡಿಸಿದಂತೆಯೇ ಇದ್ದವು. ಒಳ್ಳೆಯದಾಗಲಿ ಎಂದು ಹೇಳಲು ಅವನಿಗೆ ಆಮೇಲೆ ನೆನಪಾಯಿತು, ಹೇಳಿದ ಕೂಡ. ಲಯನೆಲ್ ಕಾರಿನ ಮೂತಿಯ ಹತ್ತಿರ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಹೋಗುವಾಗ, "ಶನಿವಾರ ಬೆಳಗ್ಗೆ ಸಮುದ್ರದ ತನಕ ಹೋಗ್ಬರೋಣ. ಆವಿ ಬಂದ್ರೆ ಬರ್ಲಿ," ಎಂದ.

ಶನಿವಾರ ಬೆಳಗ್ಗೆ ಮರ್ವಿನ್ ಕಾರಿನ ಮುಂದೆ ಬಗ್ಗಿದ. ಕಡೆಯ ದಿನವಾದರೂ ಗೆಳೆಯನನ್ನು ದಾರಿಯಲ್ಲಿ ಬೇಯಿಸಬಾರದು, ತಂತಿ ಸರಿಮಾಡಿಬಿಡೋಣ ಎಂದು. ತಂತಿಗಳು ಸರಿಯಾಗಿಯೇ ಇದ್ದವು. ಅದಲುಬದಲು ಮಾಡಿ, ಮೇಲೆ ಕಪ್ಪು ಟೇಪನ್ನು ನೀಟಾಗಿ ಸುತ್ತಲಾಗಿತ್ತು. ಇವನ ಕೈಯ ಕೆಲಸವಲ್ಲ, ವಿಮಾನದವರ ಕೆಲಸ. ಅವನು ಹಾಗೇ ನೆಲದ ಮೇಲೆ ಕೂತುಬಿಟ್ಟ.

ಇಬ್ಬರೂ ಸಮುದ್ರದಂಡೆಯ ಮೇಬಲ್‌ಥಾರ್ಪ್ ದಾರಿ ಹಿಡಿದರು. ಊರು ಹತ್ತಿರವಾದಂತೆ ಗಾಡಿಗಳ ಸಾಲು ನಿಂತೇ ಹೋಯಿತು. ಈ ಸಾಲಿನಲ್ಲೇ ಎಷ್ಟು ಸಲ ಅವನ ಮಾನ ಹೋಗಿತ್ತು! ಇವತ್ತು ಬಿಸಿಲು ನೆತ್ತಿ ಸುಡುತ್ತಿದ್ದರೂ ಮುಳ್ಳು ಮಿಸುಕಲಿಲ್ಲ. ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು.

"ಯಾವಾಗಿಂದ ಗೊತ್ತಿತ್ತು ನಿಂಗೆ?" ಮರ್ವಿನ್ ರಸ್ತೆಯನ್ನೇ ನೋಡುತ್ತಾ ಕೇಳಿದ.

"ಎರಡನೇ ಗುರುವಾರದಿಂದ. ಜೀವಮಾನವೆಲ್ಲ ಫ್ಯಾನಿನ ಮುಂದೆ ಕೈಯೊಡ್ಡಿ ಗಾಳಿ ನೋಡಿದವನು ಕಣಯ್ಯಾ ನಾನು."

"ಮತ್ತೆ ಕಿಂಡಿ ಕೊರೆದೆಯಲ್ಲ! ಕೈ ಸೀಳ್ಕೊಂಡೆಯಲ್ಲ!"

"ಹೇಳಿದ್ರೆ ಅವತ್ತೇ ಮುಗೀತಿತ್ತು." ಲಯನೆಲ್ ಮೊಣಕಾಲು ನೀವಿಕೊಂಡ. "ಇವನು ಒಂದಿನ ಒಳಗೆ ಬಾ ಅಂತಾನೆ, ಕೂತು ಟೀ ಕುಡೀತಾ ಹೇಳೋಣ ಅಂತ ಕಾದೆ. ನೀನು ಕರೀಲೇ ಇಲ್ಲ. ನಾನೂ ಬಿಗುಮಾನದ ಮುಂಡೇದು, ಕೇಳ್ಲಿಲ್ಲ."

ಮುಂದಿನ ಗಾಡಿ ಹೊರಟರೂ ಮರ್ವಿನ್ ಗೇರ್ ಹಾಕಲಿಲ್ಲ. ಹಿಂದಿನವನು ಹಾರ್ನ್ ಬಾರಿಸಿದ.

ಸಮುದ್ರ ನೋಡಿದ್ದಾಯಿತು, ಕಟ್ಟೆಯ ಮೇಲೆ ಕೂತು ಮೀನು-ಚಿಪ್ಸ್ ತಿಂದದ್ದಾಯಿತು. ವಾಪಸು ಬಂದು ಎಂಜಿನ್ ಆರಿಸಿದಾಗ ಮರ್ವಿನ್ ಕೈಗವಸು ತೆಗೆಯುತ್ತಾ ಹೇಳಿದ: "ಒಳಗೆ ಬಾ."

"ಹಿಲರಿ ಇಲ್ಲಿಗೇ ಬರ್ತಾಳೆ, ಕರ್ಕೊಂಡು ಹೋಗೋಕೆ."

"ಬರೋ ತನಕ ಬಾ."

ಲಯನೆಲ್ ಬಂದ. ಆ ಕಾರಿನ ಒಂದೊಂದು ನಟ್ಟೂ ಕಣ್ಣುಮುಚ್ಚಿ ಹೇಳಬಲ್ಲವನು, ಬಚ್ಚಲು ಯಾವ ಕಡೆ ಎಂದು ಕೇಳಬೇಕಾಯಿತು. ಕೈ ತೊಳೆದು ಬಂದು ಅಡುಗೆಮನೆಯ ಮೇಜಿನ ಮುಂದೆ ನೆಂಟರ ಮನೆಗೆ ಬಂದವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತ. ಮರ್ವಿನ್ ಟೀ ಇಟ್ಟ. ಇಬ್ಬರ ನಡುವೆ ಎಂಜಿನ್ ಇರಲಿಲ್ಲ, ಎತ್ತಿ ಕೊಡಲು ಸ್ಪ್ಯಾನರ್ ಇರಲಿಲ್ಲ.

"ಒಳ್ಳೇ ಮನೆ," ಎಂದ ಲಯನೆಲ್.

"ಹೂಂ."

ಲಯನೆಲ್‌ನ ಕಣ್ಣು ಗೋಡೆಯ ಫೋಟೋದ ಮೇಲೆ ನಿಂತಿತು. ಹಳದಿ ಕೋಟು ತೊಟ್ಟು, ಗಾಳಿಗೆ ಕೂದಲು ಹಿಡಿದುಕೊಂಡು ನಗುತ್ತಿದ್ದ ಹೆಂಗಸು.

"ಯಾರಯ್ಯಾ ಇವರು?"

"ಹೆಂಡ್ತಿ. ಐರಿಸ್. ತೀರ್ಕೊಂಡು ಏಳು ವರ್ಷ ಆಯ್ತು."

"ನಿಂಗೆ ಮದುವೆ ಆಗಿತ್ತಾ?"

"ನೀನೂ ಕೇಳ್ಲಿಲ್ಲ."

ಲಯನೆಲ್ ಲೋಟ ಕೆಳಗಿಟ್ಟ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೂತ. "ಹೇಳು ಈಗ. ಹೇಗಿದ್ರು ಅವರು?"

ಅಂಥ ಪ್ರಶ್ನೆಯನ್ನು ಮರ್ವಿನ್‌ಗೆ ಆ ಏಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಮೇಜನ್ನು ಸವರಿದ. "ಜೋರು ಹೆಂಗಸು," ಎಂದ. ಅವನ ಮುಖ ಅರಳಿತು. "ಕಾರಿನ ಪೆಟ್ಟಿಗೆಗಳು ಬಂದಿಳಿದ ದಿನ ಏನು ಮಾಡಿದ್ಲು ಗೊತ್ತಾ—"

ಹೊರಗೆ ಹಾರ್ನ್ ಕೇಳಿಸಿತು. ಎರಡು ಸಲ, ಮೆಲ್ಲಗೆ, ಮರ್ಯಾದೆಯಿಂದ.

"ಕಾಯ್ತಾಳೆ ಬಿಡು," ಎಂದ ಲಯನೆಲ್. ಆದರೆ ಅವನ ಕೈ ಆಗಲೇ ಕೋಟಿನ ಮೇಲಿತ್ತು.

"ದೂರದ ದಾರಿ, ಹೊರಡು. ಬೆರಿಕ್‌ಗೆ ಬರ್ತೀನಲ್ಲ, ಅಲ್ಲಿ ಹೇಳ್ತೀನಿ."

"ಖಂಡಿತ ಬಾ."

"ಖಂಡಿತ."

ಇಬ್ಬರೂ ಆ ನಾಡಿನವರೇ, ಮರ್ಯಾದೆಗಾಗಿ ಮಾತು ಕೊಟ್ಟು ರೂಢಿಯಿದ್ದವರು. ಅಂಥ ಖಂಡಿತಕ್ಕೆ ಎಷ್ಟು ಬೆಲೆಯೆಂದು ಇಬ್ಬರಿಗೂ ಗೊತ್ತಿತ್ತು. ಬಾಗಿಲಲ್ಲಿ ಕೈ ಕುಲುಕಿದರು, ಅದೂ ಮೊದಲ ಸಲ. ಹಿಲರಿಯ ಪುಟ್ಟ ಕಾರು ತಿರುವಿನಲ್ಲಿ ಮರೆಯಾದ ಮೇಲೂ ಮರ್ವಿನ್ ಹೊಸ್ತಿಲಲ್ಲೇ ನಿಂತಿದ್ದ. ಐರಿಸ್ ಆವತ್ತು ಮಾಡಿದ್ದು ನಾಲಿಗೆಯ ತುದಿಯಲ್ಲೇ ಇತ್ತು. ಪಕ್ಕದ ಮನೆಯವರು ಬೇಲಿಯಾಚೆಯಿಂದ ಒಳ್ಳೆಯ ಬಿಸಿಲು ಎಂದರು. ಹೌದು, ಒಳ್ಳೆಯ ಬಿಸಿಲು ಎಂದು ಹೇಳಿ ಅವನು ಒಳಗೆ ಬಂದು ಬಾಗಿಲು ಹಾಕಿಕೊಂಡ.